ದುಡಿಮೆಯ ನಾಡಿನಲ್ಲಿ ವಿರಾಮದ ಹಬ್ಬ: ಕೆಂಟಕಿಯ ಗ್ರೇವ್ಸ್ ಕೌಂಟಿಯ ವಿನೋದ ಚರಿತ್ರೆ

ಚರಿತ್ರೆಯ ಗ್ರಂಥಗಳು ಅರಸರ ಆಳ್ವಿಕೆಯನ್ನೂ ಯುದ್ಧಗಳನ್ನೂ ಶಾಸನಗಳನ್ನೂ ಕುರಿತು ವಿಸ್ತಾರವಾಗಿ ಹೇಳುತ್ತವೆ. ಜನರು ದುಡಿದ ಬಗೆಯನ್ನು ಕುರಿತೂ ಈಚಿನ ಚರಿತ್ರಕಾರರು ಸಾಕಷ್ಟು ಬರೆದಿದ್ದಾರೆ. ಆದರೆ ದುಡಿದು ದಣಿದ ಜನರು ಎಲ್ಲಿ ಸೇರಿದರು, ಏನನ್ನು ಹಾಡಿದರು, ಏನನ್ನು ಆಡಿದರು, ಯಾರೊಡನೆ ಕುಳಿತು ಉಂಡರು ಎಂಬುದನ್ನು ಬರೆದವರು ವಿರಳ. ದೇವಾಲಯಗಳ ಸ್ಮರಣ ಸಂಚಿಕೆಗಳಲ್ಲಿಯೂ ಇದೇ ಕೊರತೆಯನ್ನು ನಾವು ಕಾಣುತ್ತೇವೆ. ಅಸ್ತಿಭಾರದ ಕಲ್ಲನ್ನು ಇರಿಸಿದವರು ಯಾರು, ಗಂಟೆಯನ್ನು ದಾನವಿತ್ತವರು ಯಾರು ಎಂಬುದಕ್ಕೆ ದಾಖಲೆ ಇರುತ್ತದೆ; ಹಬ್ಬದ ಹಿಂದಿನ ರಾತ್ರಿ ಒಲೆಯ ಮುಂದೆ ನಿದ್ದೆಗೆಟ್ಟು ಊರಿಗೆಲ್ಲ ಅಡಿಗೆ ಮಾಡಿದವರು ಯಾರು ಎಂಬುದಕ್ಕೆ ದಾಖಲೆ ಇರುವುದಿಲ್ಲ.

ಶತಮಾನೋತ್ಸವದ ಈ ಸಂದರ್ಭದಲ್ಲಿ ನಾವು ವಾಚಕರ ಗಮನವನ್ನು ದೂರದ ಒಂದು ನಾಡಿನತ್ತ ಸೆಳೆಯಬಯಸುತ್ತೇವೆ. ಅದು ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ಕೆಂಟಕಿ ರಾಜ್ಯದ ಗ್ರೇವ್ಸ್ ಕೌಂಟಿ. ಅಲ್ಲಿಯ ಫ್ಯಾನ್ಸಿ ಫಾರ್ಮ್ ಎಂಬ ಸಣ್ಣ ಊರಿನ ಸಂತ ಜೆರೋಮರ ಧರ್ಮಕೇಂದ್ರವು 1880ರಿಂದ ನಡೆಸಿಕೊಂಡು ಬಂದಿರುವ ವಾರ್ಷಿಕ ವನಭೋಜನವು ಇಂದು ಇಡೀ ರಾಜ್ಯಕ್ಕೆ ಪರಿಚಿತವಾಗಿದೆ. ಈ ವನಭೋಜನವನ್ನೂ ಅದರ ಸುತ್ತಲಿನ ನಾಡಿನ ಇತರ ವಿನೋದಗಳನ್ನೂ ಒಟ್ಟಾಗಿ ಪರಿಶೀಲಿಸಿದರೆ, ಒಂದು ಹಳ್ಳಿನಾಡಿಗೆ ವಿರಾಮವು ಎಲ್ಲಿಂದ ಬರುತ್ತದೆ, ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ತಿಳಿದೀತು.

ವಿರಾಮವೆಂದರೆ ಸೋಮಾರಿತನವಲ್ಲ. ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಈ ವಿಷಯವನ್ನು ಚರ್ಚಿಸುತ್ತಾ, ಶುಭಸಂದೇಶಕಾರ ಸಂತ ಯೊವಾನ್ನರನ್ನು ಕುರಿತ ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಶಿಷ್ಯರೊಡನೆ ಆಟವಾಡುತ್ತಿದ್ದ ಸಂತರನ್ನು ಕಂಡು ಕೆಲವರು ಆಕ್ಷೇಪಿಸಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಿಡುವಿಲ್ಲದೆ ಬಾಣ ಬಿಡುತ್ತಲೇ ಇರಬಲ್ಲೆಯಾ ಎಂದು ಸಂತರು ಕೇಳಲು, ಹಾಗೆ ಮಾಡಿದರೆ ಬಿಲ್ಲು ಮುರಿದೀತೆಂದು ಆತ ಉತ್ತರಿಸಿದ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ಜರ್ಮನಿಯ ಕಥೋಲಿಕ ತತ್ವಜ್ಞಾನಿ ಯೋಸೆಫ್ ಪೀಪರ್ 1948ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿರಾಮದ ಬೇರು ಹಬ್ಬದಲ್ಲಿದೆ, ಹಬ್ಬದ ಬೇರು ಆರಾಧನೆಯಲ್ಲಿದೆ ಎಂದು ಪ್ರತಿಪಾದಿಸಿದರು. ಈ ಮಾತು ಎಷ್ಟರ ಮಟ್ಟಿಗೆ ಸತ್ಯವೆಂಬುದನ್ನು ಗ್ರೇವ್ಸ್ ಕೌಂಟಿಯ ಚರಿತ್ರೆಯೇ ಪರೀಕ್ಷಿಸಿ ತೋರಿಸುತ್ತದೆ.

1. ನಾಡು ಮತ್ತು ಜನ

ಕೌಂಟಿ ಎಂಬುದು ಅಮೆರಿಕದ ಸ್ಥಳೀಯ ಆಡಳಿತದ ಘಟಕ. ಗ್ರೇವ್ಸ್ ಕೌಂಟಿಯ ವಿಸ್ತೀರ್ಣ ಸುಮಾರು 550 ಚದರ ಮೈಲಿ, ಅಂದರೆ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 36,600. ಅದರಲ್ಲಿ ಹತ್ತು ಸಾವಿರದಷ್ಟು ಜನ ಮೇಫೀಲ್ಡ್ ಎಂಬ ಮುಖ್ಯ ಪಟ್ಟಣದಲ್ಲಿದ್ದರು. ಉಳಿದವರು ಹೊಲಗಳ ನಡುವೆ ಚದುರಿದ ಮನೆಗಳಲ್ಲಿಯೂ ಸಣ್ಣ ಸಣ್ಣ ಊರುಗಳಲ್ಲಿಯೂ ನೆಲೆಸಿದವರು. 1818ರಲ್ಲಿ ಆಂಡ್ರ್ಯೂ ಜ್ಯಾಕ್ಸನ್ ಮತ್ತು ಐಸಾಕ್ ಶೆಲ್ಬಿ ಎಂಬವರು ಚಿಕಸಾ ಎಂಬ ಮೂಲನಿವಾಸಿ ಜನಾಂಗದೊಡನೆ ಒಪ್ಪಂದ ಮಾಡಿಕೊಂಡು ಈ ಪಶ್ಚಿಮ ಭಾಗವನ್ನು ಪಡೆದರು. ಆದುದರಿಂದ ಇಂದಿಗೂ ಈ ಪ್ರದೇಶಕ್ಕೆ 'ಜ್ಯಾಕ್ಸನ್ ಪರ್ಚೇಸ್', ಎಂದರೆ ಜ್ಯಾಕ್ಸನ್‌ನ ಖರೀದಿ, ಎಂಬ ಹೆಸರಿದೆ.

ಕೆಂಟಕಿಯಲ್ಲಿ ಕಥೋಲಿಕರ ಚರಿತ್ರೆ ಇದಕ್ಕಿಂತಲೂ ಹಳೆಯದು. 1785ರಿಂದ ಮೊದಲ್ಗೊಂಡು ಮೇರಿಲ್ಯಾಂಡಿನ ಕಥೋಲಿಕ ಕುಟುಂಬಗಳು ಬೆಟ್ಟಗಳನ್ನು ದಾಟಿ ಮಧ್ಯ ಕೆಂಟಕಿಗೆ ಬಂದು ನೆಲೆಸಿದವು. 1808ರಲ್ಲಿ ಬಾರ್ಡ್ಸ್‌ಟೌನ್ ಧರ್ಮಪ್ರಾಂತ್ಯವು ಸ್ಥಾಪನೆಗೊಂಡು, ಬೆನೆಡಿಕ್ಟ್ ಜೋಸೆಫ್ ಫ್ಲಾಜೆಯವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಅಲ್ಲಿಂದ ಕೆಲವು ಕುಟುಂಬಗಳು ಹೊಸ ಭೂಮಿಯನ್ನು ಅರಸಿ ಪಶ್ಚಿಮಕ್ಕೆ ಬಂದು ಗ್ರೇವ್ಸ್ ಕೌಂಟಿಯಲ್ಲಿ ಬೇರೂರಿದವು. ಸಂತ ಜೆರೋಮರ ಧರ್ಮಕೇಂದ್ರವು 1836ರಲ್ಲಿ ರೂಪುಗೊಂಡಿತು. ಆ ಕಾಲದಲ್ಲಿ ಪಶ್ಚಿಮ ಕೆಂಟಕಿಯ ಕಥೋಲಿಕರನ್ನು ವಂದನೀಯ ಎಲೈಷಾ ಡರ್ಬಿನ್ ಸ್ವಾಮಿಗಳು ಕುದುರೆಯೇರಿ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ ದಶಕಗಳ ಕಾಲ ಸಾಕಿ ಸಲಹಿದರು. ಸುತ್ತಮುತ್ತಲಿನವರು ಬಹುಪಾಲು ಬ್ಯಾಪ್ಟಿಸ್ಟರು ಮತ್ತು ಮೆಥೊಡಿಸ್ಟರು. ಅವರ ನಡುವೆ ಈ ಕಥೋಲಿಕರ ಊರು ಒಂದು ನಡುಗಡ್ಡೆಯಂತಿತ್ತು. ಊರಿಗೆ ಫ್ಯಾನ್ಸಿ ಫಾರ್ಮ್ ಎಂಬ ಹೆಸರು ಬಂದುದು ಅಲ್ಲಿಯ ಒಬ್ಬ ರೈತನು ತನ್ನ ಹೊಲಮನೆಯನ್ನು ಬಹು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದರಿಂದ ಎಂದು ಹೇಳುವುದುಂಟು. 1937ರಲ್ಲಿ ಓವನ್ಸ್‌ಬರೋ ಧರ್ಮಪ್ರಾಂತ್ಯವು ಸ್ಥಾಪನೆಯಾದಾಗ ಈ ಭಾಗವೂ ಅದಕ್ಕೆ ಸೇರಿತು.

2. ಹೊಗೆಸೊಪ್ಪಿನ ಪಂಚಾಂಗ

ಹಳ್ಳಿಯ ವಿನೋದವನ್ನು ಅರಿಯಬೇಕಾದರೆ ಮೊದಲು ಹಳ್ಳಿಯ ಬೆಳೆಯನ್ನು ಅರಿಯಬೇಕು. ಗ್ರೇವ್ಸ್ ಕೌಂಟಿಯ ಮುಖ್ಯ ಹಣದ ಬೆಳೆ ಬಹುಕಾಲ ಹೊಗೆಸೊಪ್ಪೇ ಆಗಿತ್ತು. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬ್ಯಾರನ್‌ಗಳಲ್ಲಿ ಸೊಪ್ಪನ್ನು ಹದ ಮಾಡುವುದನ್ನು ಕಂಡವರಿಗೆ ಈ ದುಡಿಮೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಕೊಳವೆಗಳ ಮೂಲಕ ಬಿಸಿಯನ್ನು ಮಾತ್ರ ಒಳಗೆ ಹಾಯಿಸುತ್ತಾರೆ, ಅಲ್ಲಿ ಸೊಪ್ಪನ್ನು ತೂಗುಹಾಕಿದ ಕೊಟ್ಟಿಗೆಯ ನೆಲದ ಮೇಲೆಯೇ ಗಟ್ಟಿಮರದ ತುಂಡುಗಳನ್ನೂ ಮರದ ಹೊಟ್ಟನ್ನೂ ಉರಿಯದಂತೆ ಕನಲಿಸಿ, ಹೊಗೆ ಸೊಪ್ಪಿಗೆ ತಾಗುವಂತೆ ಮಾಡುತ್ತಾರೆ. ಆ ಸೊಪ್ಪು ಕಪ್ಪಾಗಿ ಘಾಟಾಗಿ ಹದಗೊಳ್ಳುತ್ತದೆ.

ಚಳಿಗಾಲದ ಕೊನೆಯಲ್ಲಿ ಸಸಿಮಡಿ, ವಸಂತದ ಕೊನೆಯಲ್ಲಿ ನಾಟಿ, ಬೇಸಗೆಯಲ್ಲಿ ಕಳೆ ಕೀಳುವುದು, ಕುಡಿ ಚಿವುಟುವುದು, ಹುಳ ಆಯುವುದು, ಆಗಸ್ಟ್ ಸೆಪ್ಟೆಂಬರುಗಳಲ್ಲಿ ಕಟಾವು, ಶರತ್ಕಾಲದಲ್ಲಿ ಹೊಗೆ ಹಾಕುವುದು, ಮತ್ತೆ ಚಳಿಗಾಲದಲ್ಲಿ ಸೊಪ್ಪು ಬಿಡಿಸಿ ಕಟ್ಟುವುದು. ಒಂದು ವರ್ಷದ ಬೆಳೆಗೆ ಒಂದು ವರ್ಷಕ್ಕಿಂತ ಹೆಚ್ಚಿನ ದುಡಿಮೆ ಎಂದು ಹೇಳಿದರೂ ತಪ್ಪಾಗದು. ಈ ಸಾಲಿನಲ್ಲಿ ದೊಡ್ಡ ಬಿಡುವು ಒಂದೇ. ಜುಲೈ ಕಳೆಯುವ ಹೊತ್ತಿಗೆ ಉಳುಮೆ, ಕಳೆಯ ಕೆಲಸಗಳು ಮುಗಿದು, ಕಟಾವು ಇನ್ನೂ ಮೊದಲಾಗದ ಕೆಲವು ವಾರಗಳು ಸಿಗುತ್ತವೆ. ಅಮೆರಿಕದ ದಕ್ಷಿಣ ಭಾಗದಲ್ಲೆಲ್ಲ ಹತ್ತಿ, ಜೋಳ, ಹೊಗೆಸೊಪ್ಪಿನ ರೈತರು ಈ ವಾರಗಳಿಗಾಗಿ ಕಾದಿರುತ್ತಿದ್ದರು. ಪ್ರೊಟೆಸ್ಟೆಂಟರ ಜಾಗೃತಿ ಕೂಟಗಳು, ಕುಟುಂಬಗಳ ಸಮ್ಮಿಲನ, ಊರೂಟ, ಚುನಾವಣೆಯ ಭಾಷಣ ಇವೆಲ್ಲ ಈ ಬಿಡುವಿನಲ್ಲಿಯೇ ಒತ್ತರಿಸಿ ಬರುತ್ತಿದ್ದವು. ಫ್ಯಾನ್ಸಿ ಫಾರ್ಮಿನ ವನಭೋಜನ ಆಗಸ್ಟ್ ತಿಂಗಳ ಆರಂಭಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ಕರಾವಳಿಯ ಕಥೋಲಿಕರ ತೆನೆಹಬ್ಬವು ಹೊಸ ಭತ್ತದ ಕಾಲಕ್ಕೆ ಹೊಂದಿಕೊಂಡಂತೆಯೇ ಇದೂ ಸಹ.

3. ಕೂಟ, ಸಂತೆ, ಹಾಡು

ಹತ್ತೊಂಬತ್ತನೆಯ ಶತಮಾನದ ಹಳ್ಳಿಗರಿಗೆ ವಿನೋದವೆಂಬುದು ಪ್ರತ್ಯೇಕವಾದ ವಸ್ತುವಾಗಿರಲಿಲ್ಲ. ಅದು ಬೇರೊಂದು ಕೆಲಸದ ಬೆನ್ನಿಗೆ ಬರುತ್ತಿತ್ತು. ನ್ಯಾಯಾಲಯ ಕೂಡುವ ದಿನ ಜನರು ಪಟ್ಟಣಕ್ಕೆ ಬಂದು ಕುದುರೆಗಳನ್ನೂ ಹೇಸರಗತ್ತೆಗಳನ್ನೂ ವಿನಿಮಯ ಮಾಡಿಕೊಳ್ಳುತ್ತಿದ್ದರು. ಸುದ್ದಿ, ಹರಟೆ, ಜಗಳ, ರಾಜಿ ಎಲ್ಲವೂ ಅಲ್ಲಿಯೇ. ನೆರೆಯ ಮಾರ್ಷಲ್ ಕೌಂಟಿಯ ಬೆಂಟನ್ ಪಟ್ಟಣದಲ್ಲಿ ಏಪ್ರಿಲ್ ತಿಂಗಳ ಮೊದಲ ಸೋಮವಾರ ನಡೆಯುವ 'ಟೇಟರ್ ಡೇ' ಎಂಬ ಜಾತ್ರೆ 1840ರ ದಶಕದಷ್ಟು ಹಳೆಯದು. ಸಿಹಿಗೆಣಸಿನ ಸಸಿಗಳನ್ನು ಕೊಳ್ಳಲು ಬಂದ ರೈತರ ಸಂತೆಯೇ ಕ್ರಮೇಣ ಊರಹಬ್ಬವಾಯಿತು.

ಅದೇ ಬೆಂಟನ್ನಿನಲ್ಲಿ ಮೇ ತಿಂಗಳ ನಾಲ್ಕನೆಯ ಭಾನುವಾರ ನಡೆದು ಬಂದ ಇನ್ನೊಂದು ಕೂಟವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಅದಕ್ಕೆ 'ಬಿಗ್ ಸಿಂಗಿಂಗ್', ಎಂದರೆ ದೊಡ್ಡ ಹಾಡುಗಾರಿಕೆ, ಎಂದು ಹೆಸರು. ದಕ್ಷಿಣ ಕೆರೊಲೈನಾದ ವಿಲಿಯಂ ವಾಕರ್ 1835ರಲ್ಲಿ ಪ್ರಕಟಿಸಿದ 'ಸದರ್ನ್ ಹಾರ್ಮನಿ' ಎಂಬ ಸ್ತೋತ್ರಸಂಗ್ರಹದಿಂದ ಹಾಡುವ ಈ ಕೂಟವನ್ನು ಜೇಮ್ಸ್ ಲೆಮನ್ ಎಂಬವರು 1884ರಲ್ಲಿ ಆರಂಭಿಸಿದರು. ಸಂಗೀತ ವಿದ್ಯೆಯಿಲ್ಲದ ರೈತರೂ ಓದಿ ಹಾಡಬಲ್ಲಂತೆ ಅದರಲ್ಲಿ ಸ್ವರಗಳಿಗೆ ನಾಲ್ಕು ಆಕೃತಿಗಳನ್ನು ಕೊಡಲಾಗಿದೆ: ಫಾ ಎಂದರೆ ತ್ರಿಕೋನ, ಸೋಲ್ ಎಂದರೆ ವೃತ್ತ, ಲಾ ಎಂದರೆ ಚೌಕ, ಮೀ ಎಂದರೆ ವಜ್ರಾಕೃತಿ. ಊರೂರು ತಿರುಗುವ ಹಾಡಿನ ಮೇಷ್ಟರುಗಳು ಕೆಲವೇ ದಿನಗಳಲ್ಲಿ ಇದನ್ನು ಕಲಿಸಿಬಿಡುತ್ತಿದ್ದರು. ವಾದ್ಯವಿಲ್ಲ, ವೇದಿಕೆಯಿಲ್ಲ, ಕೇಳುವ ಸಭೆ ಬೇರೆ ಹಾಡುವ ಮೇಳ ಬೇರೆ ಎಂಬ ಭೇದವಿಲ್ಲ. ಬಂದವರೆಲ್ಲ ಹಾಡುಗಾರರೇ. ಆಮೇಲೆ ತಂತಮ್ಮ ಮನೆಗಳಿಂದ ತಂದ ಬುತ್ತಿಯನ್ನು ಬಿಚ್ಚಿ ಒಟ್ಟಿಗೆ ಉಣ್ಣುವುದು. ಇಂತಹ ವಿನೋದಕ್ಕೆ ಹಣ ಬೇಡ. ಆದರೆ ಕಲಿಕೆ ಬೇಕು, ನೆರೆಹೊರೆ ಬೇಕು.

ಅನುಕೂಲಸ್ಥರ ವಿನೋದ ಬೇಟೆಯಾಗಿತ್ತು. ಮೇಫೀಲ್ಡಿನ ಸ್ಮಶಾನದಲ್ಲಿ ಹೆನ್ರಿ ವೂಲ್ಡ್ರಿಜ್ ಎಂಬ ಕುದುರೆ ಸಾಕಣೆಗಾರನು ತನ್ನ ಸಮಾಧಿಯ ಸುತ್ತ ನಿಲ್ಲಿಸಿದ ಕಲ್ಲಿನ ಪ್ರತಿಮೆಗಳು ಇದಕ್ಕೆ ಸಾಕ್ಷಿ. ತಾಯಿ, ಒಡಹುಟ್ಟಿದವರು ಮೊದಲಾದ ಬಂಧುಗಳ ಜೊತೆಗೆ ತನ್ನ ಕುದುರೆ, ಎರಡು ಬೇಟೆನಾಯಿಗಳು, ಒಂದು ಜಿಂಕೆ ಮತ್ತು ಒಂದು ನರಿಯನ್ನೂ ಆತ ಕೆತ್ತಿಸಿ ನಿಲ್ಲಿಸಿದ. 1899ರಲ್ಲಿ ತೀರಿಕೊಂಡ ಈ ಬ್ರಹ್ಮಚಾರಿಯು ತನ್ನ ಬದುಕಿನ ಸಂತೋಷಗಳೆಂದು ಎಣಿಸಿದ್ದು ಇವುಗಳನ್ನೇ ಎಂದು ತೋರುತ್ತದೆ.

4. ಫ್ಯಾನ್ಸಿ ಫಾರ್ಮಿನ ವನಭೋಜನ

1880ರಲ್ಲಿ ಆರಂಭವಾದ ಸಂತ ಜೆರೋಮರ ಧರ್ಮಕೇಂದ್ರದ ವನಭೋಜನವು ಮೊದಲಿಗೆ ಊರವರೂ ಊರು ಬಿಟ್ಟು ಹೋದ ಬಂಧುಗಳೂ ಕೂಡುವ ದಿನವಾಗಿತ್ತು. ಜೊತೆಗೆ ಧರ್ಮಕೇಂದ್ರದ ಖರ್ಚಿಗೆ ನಾಲ್ಕು ಕಾಸು ಕೂಡಿಸುವ ಉಪಾಯವೂ ಆಗಿತ್ತು. ಅದರ ಹೃದಯ ಒಲೆಯಲ್ಲಿದೆ. ಪಶ್ಚಿಮ ಕೆಂಟಕಿಯಲ್ಲಿ ಹಿಂದೆ ಉಣ್ಣೆಗಾಗಿ ಕುರಿ ಸಾಕುತ್ತಿದ್ದರು. ಉಣ್ಣೆ ಕಡಿಮೆಯಾದ ಮುದಿಕುರಿಯ ಮಾಂಸ ಗಡುಸು; ಬೇಗ ಬೇಯುವಂಥದಲ್ಲ. ಹಿಕರಿ ಮರದ ಕೆಂಡದ ಮೇಲೆ, ಮಂದವಾದ ಹೊಗೆಯಲ್ಲಿ, ಇಡೀ ರಾತ್ರಿ ನಿಧಾನವಾಗಿ ಬೇಯಿಸಿದರೆ ಮಾತ್ರ ಅದು ಮೆತ್ತಗಾಗುತ್ತದೆ. ಅಮೆರಿಕದ ಬೇರೆ ಭಾಗಗಳಲ್ಲಿ ಹಂದಿಮಾಂಸಕ್ಕೆ ಇರುವ ಸ್ಥಾನ ಇಲ್ಲಿ ಕುರಿಮಾಂಸಕ್ಕೆ ದೊರೆತುದು ಹೀಗೆ. ಬಡತನದ ಜಾಣ್ಮೆಯೇ ನಾಡಿನ ರುಚಿಯಾಗಿ ಬೆಳೆಯಿತು.

ಹಿಂದಿನ ದಿನವೇ ಬೆಂಕಿ ಹೊತ್ತಿಸಿ, ಊರಿನ ಗಂಡಸರು ಸರದಿಯಂತೆ ರಾತ್ರಿಯೆಲ್ಲ ಎಚ್ಚರವಿದ್ದು ಮಾಂಸವನ್ನು ಮಗುಚಿ, ಹುಳಿಸಾರನ್ನು ಸವರುತ್ತಾರೆ. ತಂದೆಯ ಪಕ್ಕದಲ್ಲಿ ಮಗ ನಿಂತು ಕಲಿಯುತ್ತಾನೆ. ಹೆಂಗಸರು ಮನೆಮನೆಯಲ್ಲಿಯೂ ಪಲ್ಯ, ಸಿಹಿಗಳನ್ನು ಸಿದ್ಧಪಡಿಸುತ್ತಾರೆ. ಬಿಂಗೊ, ಅದೃಷ್ಟಚೀಟಿ, ಮಕ್ಕಳ ಆಟಗಳು ಇವೆಲ್ಲ ಉಂಟು. ಐನೂರು ಜನರೂ ಇಲ್ಲದ ಊರಿಗೆ ಅಂದು ಸಾವಿರಾರು ಜನರು ಬರುತ್ತಾರೆ. 1980ರ ದಶಕದಲ್ಲಿ ಗಿನ್ನೆಸ್ ದಾಖಲೆಗಳ ಗ್ರಂಥವು ಇದನ್ನು ಲೋಕದ ಅತಿ ದೊಡ್ಡ ವನಭೋಜನವೆಂದು ದಾಖಲಿಸಿತು. ಒಂದೇ ದಿನ ಖರ್ಚಾದ ಮಾಂಸದ ತೂಕ 15,000 ಪೌಂಡು, ಎಂದರೆ ಸುಮಾರು 6,800 ಕಿಲೋಗ್ರಾಮು.

ಇಷ್ಟು ಜನ ಸೇರಿದ ಕಡೆಗೆ ರಾಜಕಾರಣಿಗಳು ಬಾರದೆ ಇರುವರೇ? ಆ ಕಾಲದಲ್ಲಿ ಕೆಂಟಕಿಯ ಪಕ್ಷಾಂತರ್ಗತ ಪ್ರಾಥಮಿಕ ಚುನಾವಣೆ ಆಗಸ್ಟ್ ತಿಂಗಳ ಮೊದಲಲ್ಲಿ ನಡೆಯುತ್ತಿತ್ತು. ಮತದಾನಕ್ಕೆ ಮುನ್ನ ಕೊನೆಯ ಮಾತು ಹೇಳಲು ಇದಕ್ಕಿಂತ ಒಳ್ಳೆಯ ಸ್ಥಳವಿರಲಿಲ್ಲ. 1931ರಲ್ಲಿ ಆಲ್ಬರ್ಟ್ 'ಹ್ಯಾಪಿ' ಚ್ಯಾಂಡ್ಲರ್ ಎಂಬ ತರುಣ ಅಭ್ಯರ್ಥಿಯು ಇಲ್ಲಿ ಭಾಷಣ ಮಾಡಿ ಗೆದ್ದ ಬಳಿಕ ಈ ವೇದಿಕೆಗೆ ರಾಜ್ಯಮಟ್ಟದ ಕೀರ್ತಿ ಬಂತೆಂದು ಹೇಳುತ್ತಾರೆ. ಆತ ಮುಂದೆ ಎರಡು ಬಾರಿ ರಾಜ್ಯಪಾಲನಾದ. ಅಮೆರಿಕದ ರಾಜ್ಯಪಾಲನು ನಮ್ಮ ಮುಖ್ಯಮಂತ್ರಿಯಂತೆ ಆಡಳಿತ ನಡೆಸುವವನೆಂಬುದನ್ನು ಇಲ್ಲಿ ನೆನೆಯಬೇಕು. ಚುನಾವಣೆಯ ತಿಂಗಳು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಆಗಸ್ಟ್‌ನ ಮೊದಲ ಶನಿವಾರ ಎರಡೂ ಪಕ್ಷಗಳ ನಾಯಕರು ಒಂದೇ ವೇದಿಕೆಯಲ್ಲಿ ಕುಳಿತು, ಸೆಕೆಯಲ್ಲಿ ಬೆವರುತ್ತಾ, ಎದುರಾಳಿಯನ್ನು ಹಾಸ್ಯಮಾಡಿ, ಎದುರಾಳಿಯ ಬೆಂಬಲಿಗರ ಕೂಗಾಟವನ್ನು ಸಹಿಸಿ, ಆಮೇಲೆ ಅದೇ ಒಲೆಯ ಊಟವನ್ನು ಉಣ್ಣಬೇಕು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಆಲ್ಬೆನ್ ಬಾರ್ಕ್ಲಿಯವರೂ (1949-1953) ಇದೇ ಗ್ರೇವ್ಸ್ ಕೌಂಟಿಯ ಹೊಗೆಸೊಪ್ಪಿನ ರೈತನ ಮಗ. ಹಳ್ಳಿಯ ಜನರಿಗೆ ರಾಜಕೀಯ ಭಾಷಣವೂ ಒಂದು ವಿನೋದವಾಗಿತ್ತು. ಆದರೆ ಆ ವಿನೋದದಲ್ಲಿ ನಾಗರಿಕನ ಅಧಿಕಾರವೂ ಅಡಗಿತ್ತು.

5. ಚೆಂಡಾಟದ ದಿನಗಳು

ಇಪ್ಪತ್ತನೆಯ ಶತಮಾನದಲ್ಲಿ ಹಳ್ಳಿಯ ವಿರಾಮವು ಹೊಸ ರೂಪಗಳನ್ನು ತಾಳಿತು. 1925ರಲ್ಲಿ ನ್ಯಾಶ್‌ವಿಲ್ ನಗರದ ಆಕಾಶವಾಣಿ ಕೇಂದ್ರದಿಂದ 'ಗ್ರ್ಯಾಂಡ್ ಓಲ್ ಆಪ್ರಿ' ಎಂದು ಮುಂದೆ ಪ್ರಸಿದ್ಧವಾದ ಹಳ್ಳಿಸಂಗೀತದ ಕಾರ್ಯಕ್ರಮ ಮೊದಲಾಯಿತು. ವಿದ್ಯುತ್ತಿಲ್ಲದ ಮನೆಗಳಲ್ಲಿಯೂ ಬ್ಯಾಟರಿ ರೇಡಿಯೋ ಸುತ್ತ ಶನಿವಾರ ರಾತ್ರಿ ಜನ ಕೂಡುತ್ತಿದ್ದರು. ಮೇಫೀಲ್ಡಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದುದರಿಂದ ಅಲ್ಲಿಯ ಬೇಸ್‌ಬಾಲ್ ತಂಡಕ್ಕೆ 'ಕ್ಲೋದಿಯರ್ಸ್', ಎಂದರೆ ಬಟ್ಟೆಯವರು, ಎಂಬ ಹೆಸರಾಯಿತು. ಕೆಂಟಕಿ, ಇಲಿನಾಯ್, ಟೆನೆಸ್ಸಿ ಎಂಬ ಮೂರು ರಾಜ್ಯಗಳ ಸಣ್ಣ ಪಟ್ಟಣಗಳ ತಂಡಗಳು ಸೇರಿದ 'ಕಿಟ್ಟಿ ಲೀಗ್' 1903ರಲ್ಲಿ ಹುಟ್ಟಿ, ನಡುನಡುವೆ ನಿಂತು, 1955ರಲ್ಲಿ ಕೊನೆಗೊಂಡಿತು. ದೂರದರ್ಶನದಲ್ಲಿ ಮಹಾನಗರಗಳ ಪಂದ್ಯಗಳನ್ನು ಮನೆಯಲ್ಲೇ ಕುಳಿತು ನೋಡುವ ಕಾಲ ಬಂದಾಗ ಅಮೆರಿಕದಾದ್ಯಂತ ಇಂತಹ ಸಣ್ಣ ಲೀಗುಗಳು ಕುಸಿದುಬಿದ್ದವು.

ಬ್ಯಾಸ್ಕೆಟ್‌ಬಾಲ್ ಕಥೆ ಇನ್ನೂ ಸ್ವಾರಸ್ಯಕರ. ಕ್ಯೂಬಾ ಎಂಬುದು ಗ್ರೇವ್ಸ್ ಕೌಂಟಿಯ ಒಂದು ಪುಟ್ಟ ಊರು. ಅಲ್ಲಿಯ ಶಾಲೆಯ ರೈತಮಕ್ಕಳ ತಂಡವು ತರಬೇತುದಾರ ಜ್ಯಾಕ್ ಸ್ಟೋರಿಯವರ ಕೈಕೆಳಗೆ ಪಳಗಿ, 1951ರಲ್ಲಿ ರಾಜ್ಯಮಟ್ಟದ ಅಂತಿಮ ಪಂದ್ಯವನ್ನು ಸೋತು, 1952ರಲ್ಲಿ ಲೂಯಿವಿಲ್ ನಗರದ ದೊಡ್ಡ ಶಾಲೆಯೊಂದನ್ನು ಸೋಲಿಸಿ ರಾಜ್ಯದ ಪ್ರಶಸ್ತಿಯನ್ನು ಗೆದ್ದಿತು. ಹೌವಿ ಕ್ರಿಟೆಂಡೆನ್ ಮತ್ತು 'ಡೂಡಲ್' ಫ್ಲಾಯ್ಡ್ ಎಂಬ ಹುಡುಗರು ಕೆಂಟಕಿಯ ಮನೆಮಾತಾದರು. ಕೆಂಟಕಿಯಲ್ಲಿ ದೊಡ್ಡ ಶಾಲೆ, ಸಣ್ಣ ಶಾಲೆ ಎಂಬ ವರ್ಗಭೇದವಿಲ್ಲದೆ ಎಲ್ಲರಿಗೂ ಒಂದೇ ಪ್ರಶಸ್ತಿ ಇದ್ದುದರಿಂದಲೇ ಇಂತಹ ಗೆಲುವು ಸಾಧ್ಯವಾಯಿತು. ಮುಂದೆ ಸಣ್ಣ ಶಾಲೆಗಳನ್ನು ಒಂದುಗೂಡಿಸಿ ಕೌಂಟಿಗೆಲ್ಲ ಒಂದು ದೊಡ್ಡ ಪ್ರೌಢಶಾಲೆಯನ್ನು ಮಾಡಲಾಯಿತು. ಪಾಠಕ್ಕೆ ಅದರಿಂದ ಅನುಕೂಲವಾಗಿರಬಹುದು. ಆದರೆ ಶುಕ್ರವಾರ ರಾತ್ರಿ ತಮ್ಮದೇ ಹುಡುಗರ ಆಟ ನೋಡಲು ಊರೆಲ್ಲ ಸೇರುತ್ತಿದ್ದ ಸಂಭ್ರಮವನ್ನು ಕ್ಯೂಬಾದಂತಹ ಊರುಗಳು ಕಳೆದುಕೊಂಡವು.

6. ಬೇಲಿಯ ಹೊರಗಿದ್ದವರು

ಚರಿತ್ರೆಯನ್ನು ಬರೆಯುವವನು ಹಬ್ಬದ ಪಂಕ್ತಿಯಲ್ಲಿ ಕುಳಿತವರನ್ನಷ್ಟೇ ಎಣಿಸಿದರೆ ಸಾಲದು. ಬೇಲಿಯ ಹೊರಗೆ ನಿಂತವರನ್ನೂ ಎಣಿಸಬೇಕು. ಕ್ಯೂಬಾದ ಹುಡುಗರು ಚೆಂಡಿನ ಚಮತ್ಕಾರಗಳನ್ನು 'ಹಾರ್ಲೆಂ ಗ್ಲೋಬ್‌ಟ್ರಾಟರ್ಸ್' ಎಂಬ ಕಪ್ಪು ಜನಾಂಗದ ಆಟಗಾರರ ತಂಡವನ್ನು ಅನುಕರಿಸಿ ಕಲಿತರು. ಆದರೆ ಅದೇ ಕೌಂಟಿಯ ಕಪ್ಪು ಜನಾಂಗದ ಹುಡುಗರಿಗೆ ಆ ರಾಜ್ಯ ಪಂದ್ಯಾವಳಿಯಲ್ಲಿ ಅಂದು ಪ್ರವೇಶವಿರಲಿಲ್ಲ. 1904ರ ಕಾನೂನು ಶಾಲೆಗಳನ್ನು ಜನಾಂಗದ ಆಧಾರದ ಮೇಲೆ ಕಡ್ಡಾಯವಾಗಿ ಬೇರ್ಪಡಿಸಿತ್ತು; ಕಪ್ಪು ಶಾಲೆಗಳ ಪಂದ್ಯಾವಳಿ 1950ರ ದಶಕದ ನಡುವಿನವರೆಗೂ ಬೇರೆಯೇ ಆಗಿತ್ತು. ಕಲೆಯನ್ನು ಬೇಲಿ ದಾಟಿಸಿಕೊಂಡು, ಕಲಾವಿದನ ಬಂಧುವನ್ನು ಬೇಲಿಯಾಚೆ ನಿಲ್ಲಿಸಿದ ಈ ಅನ್ಯಾಯವು ಆ ಪೀಳಿಗೆಯ ಬಹಳ ಮಂದಿಗೆ ಅನ್ಯಾಯವೆಂದು ತೋಚಲೂ ಇಲ್ಲ.

ಇದಕ್ಕಿಂತ ಕ್ರೂರವಾದುದೂ ಉಂಟು. ಹೊಗೆಸೊಪ್ಪಿನ ಬೆಲೆಯನ್ನು ದೊಡ್ಡ ಕಂಪೆನಿಯ ಏಕಸ್ವಾಮ್ಯವು ನೆಲಕ್ಕಿಳಿಸಿದಾಗ, 1904ರಲ್ಲಿ ರೈತರು ಸಂಘ ಕಟ್ಟಿದರು. ಆ ನ್ಯಾಯವಾದ ಹೋರಾಟದ ನೆರಳಿನಲ್ಲಿ 'ನೈಟ್ ರೈಡರ್ಸ್' ಎಂಬ ಮುಸುಕುಧಾರಿಗಳು ಹುಟ್ಟಿಕೊಂಡರು. 1908ರ ಮಾರ್ಚ್ ತಿಂಗಳಲ್ಲಿ ಅವರು ಮಾರ್ಷಲ್ ಕೌಂಟಿಯ ಬರ್ಮಿಂಗ್‌ಹ್ಯಾಂ ಎಂಬ ಊರಿಗೆ ರಾತ್ರಿ ನುಗ್ಗಿ, ಕಪ್ಪು ಜನರ ಮನೆಗಳ ಮೇಲೆ ಗುಂಡು ಹಾರಿಸಿ, ಬದುಕುಳಿದವರನ್ನು ಊರು ಬಿಡಿಸಿದರು. ಈ ಊರಿನ ಹೆಸರನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಒಳ್ಳೆಯದನ್ನೂ ಹೇಳಬೇಕು. ಫ್ಯಾನ್ಸಿ ಫಾರ್ಮಿನಲ್ಲಿ ಹೆಸರು ಮಾಡಿದ ಹ್ಯಾಪಿ ಚ್ಯಾಂಡ್ಲರ್ ಮುಂದೆ 1945ರಿಂದ 1951ರವರೆಗೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟದ ಆಯುಕ್ತನಾಗಿದ್ದ. ಆತನ ಅವಧಿಯಲ್ಲಿಯೇ, 1947ರಲ್ಲಿ, ಜ್ಯಾಕಿ ರಾಬಿನ್ಸನ್ ಎಂಬ ಕಪ್ಪು ಜನಾಂಗದ ಆಟಗಾರನು ಉನ್ನತ ಲೀಗಿನ ಮೈದಾನಕ್ಕೆ ಕಾಲಿಟ್ಟು ಬಹುಕಾಲದ ಬಹಿಷ್ಕಾರವನ್ನು ಮುರಿದನು.

7. ಸರೋವರದ ಯುಗ

1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ ಟೆನೆಸ್ಸಿ ಕಣಿವೆ ಪ್ರಾಧಿಕಾರವು ಸ್ಥಾಪನೆಯಾಯಿತು. ಪ್ರವಾಹವನ್ನು ತಡೆಯುವುದು, ನೌಕಾಮಾರ್ಗವನ್ನು ತೆರೆಯುವುದು, ವಿದ್ಯುತ್ತನ್ನು ಒದಗಿಸುವುದು ಅದರ ಉದ್ದೇಶಗಳು. ಮಾರ್ಷಲ್ ಕೌಂಟಿಯ ಗಡಿಯಲ್ಲಿ ಟೆನೆಸ್ಸಿ ನದಿಗೆ ಅಡ್ಡವಾಗಿ 1938ರಿಂದ 1944ರವರೆಗೆ ಕಟ್ಟಲಾದ ಕೆಂಟಕಿ ಅಣೆಕಟ್ಟನ್ನು 1945ರ ಅಕ್ಟೋಬರಿನಲ್ಲಿ ಅಧ್ಯಕ್ಷ ಟ್ರೂಮನ್ ಲೋಕಾರ್ಪಣೆ ಮಾಡಿದರು. 184 ಮೈಲಿ ಉದ್ದದ ಮಹಾಸರೋವರವೊಂದು ಉಂಟಾಯಿತು. ಅದರ ದಡದಲ್ಲಿ ರಾಜ್ಯ ಸರ್ಕಾರದ ಉದ್ಯಾನಗಳು, ವಸತಿಗೃಹಗಳು, ದೋಣಿಕಟ್ಟೆಗಳು ತಲೆಯೆತ್ತಿದವು. ಗ್ರೇವ್ಸ್ ಕೌಂಟಿಯ ರೈತನಿಗೂ ಕಾರ್ಖಾನೆಯ ಕೆಲಸಗಾರನಿಗೂ ಒಂದು ಗಂಟೆಯ ಪ್ರಯಾಣದಲ್ಲಿ ಈಜು, ದೋಣಿವಿಹಾರ, ಮೀನು ಹಿಡಿಯುವ ಸುಖ ದೊರೆಯುವಂತಾಯಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಈ ನೀರಿನ ಕೆಳಗೆ ಊರುಗಳಿವೆ. ಮುಳುಗಿದವುಗಳಲ್ಲಿ ಹಿಂದೆ ಹೇಳಿದ ಬರ್ಮಿಂಗ್‌ಹ್ಯಾಂ ಸಹ ಒಂದು. ಇಂದು ದೋಣಿಗಳು ತೇಲುವ ಅಲೆಗಳ ಕೆಳಗೆ, ಮೊದಲು ಕಪ್ಪು ಜನರೂ ಅನಂತರ ಉಳಿದವರೂ ಕಳೆದುಕೊಂಡ ಊರು ಮಲಗಿದೆ. 1951ರಲ್ಲಿ ಸರೋವರದ ದಡದಲ್ಲಿ, ಕೆನ್‌ಲೇಕ್ ಉದ್ಯಾನದ ಬಳಿ, 'ಚೆರೋಕಿ ಸ್ಟೇಟ್ ಪಾರ್ಕ್' ಎಂಬ ಇನ್ನೊಂದು ಉದ್ಯಾನವನ್ನು ಕಪ್ಪು ಜನರಿಗಾಗಿಯೇ ಪ್ರತ್ಯೇಕವಾಗಿ ತೆರೆಯಲಾಯಿತು. ನೀರು ಒಂದೇ, ದಡ ಮಾತ್ರ ಬೇರೆ! ಆದರೂ ಬೇರೆಲ್ಲಿಯೂ ತಂಗಲು ಎಡೆಯಿಲ್ಲದ ಕುಟುಂಬಗಳು ದೂರದೂರದಿಂದ ಬಂದು, ಅಲ್ಲಿಯ ಕುಟೀರಗಳಲ್ಲಿ ತಂಗಿ, ನಿರ್ಭಯವಾಗಿ ನಕ್ಕು ನಲಿದವು. 1960ರ ದಶಕದಲ್ಲಿ ಭೇದನೀತಿ ಕೊನೆಗೊಂಡಾಗ ಅದು ಕೆನ್‌ಲೇಕ್ ಉದ್ಯಾನದಲ್ಲಿ ವಿಲೀನವಾಯಿತು. 1963ರಲ್ಲಿ ಎರಡು ಸರೋವರಗಳ ನಡುವಿನ ಸುಮಾರು 1,70,000 ಎಕರೆ ಭೂಮಿಯನ್ನು ರಾಷ್ಟ್ರೀಯ ವಿಹಾರಪ್ರದೇಶವನ್ನಾಗಿ ಮಾಡಲು ಅಧ್ಯಕ್ಷ ಕೆನಡಿಯವರ ಸರ್ಕಾರ ತೀರ್ಮಾನಿಸಿತು. ಅಲ್ಲಿಯ ಕುಟುಂಬಗಳು ಮನೆ, ಹೊಲಗಳನ್ನು ಬಿಟ್ಟು ಹೊರಡಬೇಕಾಯಿತು. ಸ್ಮಶಾನಗಳು ಮಾತ್ರ ಉಳಿದವು. ಒಬ್ಬರ ವಿಹಾರಕ್ಕೆ ಇನ್ನೊಬ್ಬರ ನೆಲೆ ಬೆಲೆಯಾಗಿ ತೆರಬೇಕಾದಾಗ, ತೆತ್ತವರ ಹೆಸರನ್ನು ಮರೆಯದಿರುವುದಾದರೂ ನಮ್ಮ ಕರ್ತವ್ಯ.

ಇದೇ ಕಾಲದಲ್ಲಿ ಹೆದ್ದಾರಿ, ಮೋಟಾರುಕಾರು, ದೂರದರ್ಶನ, ದೊಡ್ಡ ಮಳಿಗೆಗಳು ಹಳ್ಳಿಯ ಬಿಡುವಿನ ವೇಳೆಯನ್ನು ಆಕ್ರಮಿಸಿದವು. 1940ರಲ್ಲಿ ಮೇಫೀಲ್ಡಿನಲ್ಲಿ ಹುಟ್ಟಿದ ಲೇಖಕಿ ಬಾಬಿ ಆ್ಯನ್ ಮೇಸನ್‌ರ ಕಥೆಗಳಲ್ಲಿ ಹೊಲಮನೆಯಿಂದ ಮಾರುಕಟ್ಟೆಯ ಬದುಕಿಗೆ ಜಾರಿದ ಈ ಜನರ ದಿಗ್ಭ್ರಮೆ ನಿಷ್ಠುರವಾಗಿ ಚಿತ್ರಿತವಾಗಿದೆ.

8. ಉಳಿದುದು ಯಾವುದು?

2020ರಲ್ಲಿ ಮಹಾವ್ಯಾಧಿಯ ಕಾರಣದಿಂದ ಫ್ಯಾನ್ಸಿ ಫಾರ್ಮಿನ ಭಾಷಣಗಳು ನಡೆಯಲಿಲ್ಲ. 2021ರ ಡಿಸೆಂಬರ್ 10ರ ರಾತ್ರಿ ಭಯಂಕರವಾದ ಸುಂಟರಗಾಳಿಯು ಮೇಫೀಲ್ಡ್ ಪಟ್ಟಣದ ನಡುಭಾಗವನ್ನೇ ಸೀಳಿಕೊಂಡು ಹೋಯಿತು. ಅನೇಕರು ಪ್ರಾಣ ಕಳೆದುಕೊಂಡರು. ನ್ಯಾಯಾಲಯದ ಹಳೆಯ ಕಟ್ಟಡ ನಾಶವಾಯಿತು. ವೂಲ್ಡ್ರಿಜ್‌ನ ಕಲ್ಲಿನ ಪ್ರತಿಮೆಗಳೂ ಉರುಳಿಬಿದ್ದವು. ಆದರೂ 2022ರ ಆಗಸ್ಟ್‌ನಲ್ಲಿ ಫ್ಯಾನ್ಸಿ ಫಾರ್ಮಿನ ಒಲೆಗಳು ಎಂದಿನಂತೆ ಹೊತ್ತಿಕೊಂಡವು, ಜನರು ಎಂದಿನಂತೆ ಸೇರಿದರು.

ಇದುವರೆಗೆ ಹೇಳಿದುದನ್ನೆಲ್ಲ ಒಟ್ಟಿಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಹಣ ಕೊಟ್ಟು ನೋಡುವ ವಿನೋದಗಳು ಒಂದರ ಬೆನ್ನಿಗೆ ಒಂದು ಬಂದು ಹೋದವು: ಬೇಸ್‌ಬಾಲ್ ಲೀಗು ಹುಟ್ಟಿ ಅಳಿಯಿತು, ರೇಡಿಯೋವನ್ನು ದೂರದರ್ಶನ ನುಂಗಿತು. ಸರ್ಕಾರ ಒದಗಿಸಿದ ಸರೋವರ, ಉದ್ಯಾನಗಳು ಉಪಯುಕ್ತವಾಗಿವೆ, ಉಳಿದಿವೆ. ಆದರೆ ಅಲ್ಲಿಗೆ ಹೋದವನು ಸಂದರ್ಶಕನೇ ಹೊರತು ಆತಿಥೇಯನಲ್ಲ. ನೂರು ವರ್ಷಗಳನ್ನು ದಾಟಿಯೂ ಜನರು ತಮ್ಮದೆಂದು ಹೇಳಿಕೊಳ್ಳುತ್ತಿರುವುದು ವನಭೋಜನ, ಹಾಡುಗಾರಿಕೆ, ಸಸಿಸಂತೆ ಇಂತಹವುಗಳನ್ನು. ಇವುಗಳಲ್ಲಿ ಪ್ರೇಕ್ಷಕರೆಂಬ ವರ್ಗವೇ ಇಲ್ಲ. ಒಬ್ಬ ಕೆಂಡ ಕೆದಕುತ್ತಾನೆ, ಒಬ್ಬಳು ಬಡಿಸುತ್ತಾಳೆ, ಒಬ್ಬ ಮಧ್ಯಸ್ವರ ಹಿಡಿಯುತ್ತಾನೆ. ವಿರಾಮವು ಉಳಿಯಬೇಕಾದರೆ ಅದಕ್ಕಾಗಿ ದುಡಿಯುವವರು ಇರಬೇಕೆಂಬುದು ವಿಚಿತ್ರವಾಗಿ ತೋರಿದರೂ ಸತ್ಯ. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆ ಹೊಲಕ್ಕೆ ಮಾತ್ರವಲ್ಲ, ಹಬ್ಬಕ್ಕೂ ಸಲ್ಲುತ್ತದೆ.

ಪೀಪರ್ ಹೇಳಿದ ಮಾತಿಗೆ ಇಲ್ಲಿ ಪುಷ್ಟಿ ದೊರೆಯುತ್ತದೆ. ಆದರೆ ಅದಕ್ಕೆ ಚರಿತ್ರೆಯು ಒಂದು ಮಾತನ್ನು ಸೇರಿಸುತ್ತದೆ: ಹಬ್ಬದ ಬೇರು ಆರಾಧನೆಯಲ್ಲಿರುವುದಾದರೆ, ಹಬ್ಬದ ಪಂಕ್ತಿಯಿಂದ ಯಾರನ್ನು ಹೊರಗಿಟ್ಟಿದ್ದೇವೆ ಎಂಬ ಪ್ರಶ್ನೆಗೂ ನಾವು ಆರಾಧನೆಯ ಪೀಠದ ಮುಂದೆಯೇ ಉತ್ತರಿಸಬೇಕಾಗುತ್ತದೆ. ಪಂಕ್ತಿಭೇದದ ಕಹಿಯನ್ನು ಬಲ್ಲ ನಮ್ಮ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಶತಮಾನೋತ್ಸವದ ದಿನ ನಮ್ಮ ಅಂಗಳದಲ್ಲಿಯೂ ಚಪ್ಪರ ಏಳುತ್ತದೆ, ಒಲೆ ಹೂಡುತ್ತದೆ. ಈ ಕೆಲಸವನ್ನೆಲ್ಲ ಗುತ್ತಿಗೆಗೆ ಕೊಟ್ಟು ನಾವೆಲ್ಲ ಕುರ್ಚಿಗಳ ಮೇಲೆ ಕೂರುವುದು ಇಂದು ಸುಲಭ. ಆದರೆ ಒಲೆಯ ಮುಂದೆ ನಿಲ್ಲಲು ಕಿರಿಯರನ್ನು ಕರೆಯೋಣ. ಹಾಡನ್ನು ಧ್ವನಿವರ್ಧಕಕ್ಕೆ ಒಪ್ಪಿಸದೆ ಎಲ್ಲರೂ ಹಾಡೋಣ. ಕೂರಲು ಸಂಕೋಚಪಡುವವರನ್ನು ಕೈಹಿಡಿದು ಪಂಕ್ತಿಗೆ ಕರೆತರೋಣ. ಹಾಗೆ ಮಾಡಿದರೆ ಮುಂದಿನ ನೂರು ವರ್ಷಗಳ ಬಳಿಕ ಇಂತಹುದೇ ಸಂಚಿಕೆಯನ್ನು ಹೊರತರುವವರಿಗೆ, ಅಡಿಗೆ ಮಾಡಿದವರ ಹೆಸರುಗಳನ್ನೂ ದಾಖಲಿಸಲು ಕಾರಣವಿದ್ದೀತು.